ಬಿಚ್ಚಿ ನೋಡುತ್ತಿದ್ದ ಭಾವ

ನಮ್ಮ ಭಾವ ಯಾವ ವಸ್ತುವನ್ನೂ ಮುಂದಿನಿಂದ ನೋಡಿದವರಲ್ಲ. ಕೈಗೆ ಗಡಿಯಾರ ಕೊಟ್ಟರೆ ಗಂಟೆ ನೋಡುವ ಮೊದಲು ಬೋರಲು ಹಾಕುವರು. ಹೊಸ ಕುರ್ಚಿ ತಂದರೆ ಕೂರುವ ಮೊದಲು ಮಂಡಿಯೂರಿ ಅದರ ಅಡಿಭಾಗವನ್ನು ತಡಕುವರು. ಮದುವೆಯ ಹೊಸತರಲ್ಲಿ ಅಕ್ಕ ಆಸೆಯಿಂದ ಕೊಂಡುಕೊಟ್ಟ ರೇಡಿಯೋವನ್ನು ಒಂದು ಹಾಡೂ ಕೇಳದೆ ಬಿಚ್ಚಿ, ಬೆಸುಗೆ ಸರಿಯಿಲ್ಲವೆಂದು ತೀರ್ಪು ಕೊಟ್ಟಿದ್ದರಂತೆ. ಅಂಗಡಿಯಲ್ಲಿ ತಲೆಯನ್ನು ಎಡಕ್ಕೆ ವಾಲಿಸಿ, ಡಬ್ಬಗಳ ಬೆನ್ನ ಮೇಲಿನ ಸಣ್ಣಕ್ಷರಗಳನ್ನು ಓದುತ್ತ ಏಡಿಯಂತೆ ಅಡ್ಡಡ್ಡ ಸರಿಯುವ ಆ ಎತ್ತರದ ಮನುಷ್ಯನಿಗೆ ಉಳಿದ ಗಿರಾಕಿಗಳು ತಾವಾಗಿ ದಾರಿ ಬಿಡುತ್ತಿದ್ದರು. ಮೊಣಕೈ ಸವೆದ ಬೂದುಬಣ್ಣದ ಕೋಟು, ಪೆನ್ನಿರಬೇಕಾದ ಜೇಬಿನಲ್ಲಿ ಸ್ಕ್ರೂಡ್ರೈವರ್, ಬಾಯಲ್ಲಿ ಸದಾ ಒಂದೇ ಪ್ರಶ್ನೆ: "ಅದೆಲ್ಲ ಸರಿ, ಒಳಗೆ ಏನಿದೆ ಅಂತ ನೋಡಿದ್ಯಾ?"

ಲಿಫ್ಟುಗಳ ತಪಾಸಣೆ ಅವರ ಉದ್ಯೋಗ. ಒಮ್ಮೆ ಏಳು ಮಹಡಿಯ ಕಟ್ಟಡವೊಂದರ ಲಿಫ್ಟಿಗೆ ಅವರು ಸಹಿ ಹಾಕಲೊಪ್ಪಲಿಲ್ಲ. ಹೊರಗಿನಿಂದ ಎಲ್ಲವೂ ಸರಿಯಾಗಿಯೇ ಇತ್ತು. ನಿವಾಸಿಗಳು ಮೂರು ತಿಂಗಳು ಮೆಟ್ಟಿಲು ಹತ್ತಿಳಿದು ಅವರಿಗೆ ಹಿಡಿಶಾಪ ಹಾಕಿದರು. ಕೊನೆಗೆ ಉಕ್ಕಿನ ಹಗ್ಗವನ್ನು ಇಳಿಸಿ ಬಿಡಿಸಿದಾಗ ಒಳಗಿನ ಎಳೆಗಳು ಅರ್ಧಕ್ಕರ್ಧ ತುಂಡಾಗಿದ್ದವು. ಶಪಿಸಿದವರೇ ಬಂದು ಕೈಮುಗಿದರು. ಅಂದಿನ ಆ ಗೆಲುವೇ ಅವರನ್ನು ಕೆಡಿಸಿತೆಂದು ನನಗೆ ಈಗ ಅನ್ನಿಸುತ್ತದೆ.

ಅವರಿಗೆ ಒಬ್ಬಳೇ ಮಗಳು. ಹದಿನೇಳರ ವಯಸ್ಸಿನಲ್ಲಿ ಗೆಳತಿಯ ಮನೆಯ ಕಂಪ್ಯೂಟರಿನಲ್ಲಿ ಕಲಿತ ಒಂದು ಆಟದಲ್ಲಿ ಅವಳಿಗೆ ಅಸಾಧಾರಣ ಕೈ ಕುದುರಿತ್ತು. ಐವರ ತಂಡಗಳು ಅವರವರ ಮನೆಯಲ್ಲೇ ಕೂತು ಸೆಣಸುವ ಆಟ ಅದು. ಎದುರಾಳಿ ಯಾವ ಮೂಲೆಯಿಂದ ಬರುತ್ತಾನೆಂಬುದು ಅವನಿಗಿಂತ ಮೊದಲೇ ಅವಳಿಗೆ ತಿಳಿಯುತ್ತಿತ್ತು. ಅವಳಿಗೆ ಸ್ವಂತದ್ದೊಂದು ಯಂತ್ರ ಬೇಕಾಯಿತು. ಭಾವ ಹೆಮ್ಮೆಯಿಂದಲೇ ಒಪ್ಪಿದರು. ನಾವು ಮೂವರೂ ಅಂಗಡಿಗೆ ಹೋದೆವು.

ಅಂಗಡಿಯವ ನೇರ ಮನುಷ್ಯ. "ಸಾರ್, ರೆಡಿ ಇರೋದು ತಗೊಂಡ್ರೆ ಇವತ್ತು ಸಾಯಂಕಾಲನೇ ಆಡಬಹುದು, ಕೆಟ್ಟರೆ ಒಬ್ಬರನ್ನೇ ಕೇಳಬಹುದು. ಬಿಡಿಭಾಗ ತಂದು ಜೋಡಿಸಿದ್ರೆ ನಿಮಗೆ ಬೇಕಾದ್ದೇ ಸಿಗತ್ತೆ, ಆದ್ರೆ ತಾಳ್ಮೆ ಬೇಕು," ಎಂದ.

"ಅಪ್ಪ, ರೆಡಿನೇ ಸಾಕು," ಎಂದಳು ಹುಡುಗಿ.

"ಪುಟ್ಟೀ, ಇವರು ಕಣ್ಣಿಗೆ ಕಾಣೋ ಕಡೆ ಒಳ್ಳೇದು ಹಾಕ್ತಾರೆ, ಕಾಣದ ಕಡೆ ಕಳಪೆ ತುರುಕ್ತಾರೆ. ನಾವಿಬ್ಬರೇ ಕೂತು ಜೋಡಿಸೋಣ."

'ನಾವಿಬ್ಬರೇ' ಎಂಬ ಮಾತಿಗೆ ಅವಳ ಮುಖ ಅರಳಿದ್ದನ್ನು ನಾನು ಕಂಡೆ.

ಮೊದಲು ಬಂದದ್ದು ಕ್ಯಾಬಿನೆಟ್ಟು, ಅಂದರೆ ಬರಿಯ ಪೆಟ್ಟಿಗೆ. ಅದು ಹದಿನಾಲ್ಕು ತಿಂಗಳು ನಡುಮನೆಯಲ್ಲಿ ಖಾಲಿ ಕೂತಿತು. ಆರನೆಯ ತಿಂಗಳಲ್ಲಿ ಪವರ್ ಸಪ್ಲೈ, ಅಂದರೆ ಯಂತ್ರಕ್ಕೆ ಕರೆಂಟು ಕೊಡುವ ಡಬ್ಬಿ, ಬಂದು ಕಪಾಟು ಸೇರಿತು. ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಭಾವ ಇನ್ನೇನು ಆರಿಸಿಯೇ ಬಿಟ್ಟರು ಎನ್ನುವಾಗ ಮುಂದಿನ ತಿಂಗಳು ಅದಕ್ಕಿಂತ ಉತ್ತಮವಾದುದು ಬರಲಿದೆಯೆಂಬ ಸುದ್ದಿ ಬರುತ್ತಿತ್ತು. ಅದು ಬಂದ ಮೇಲೆ ಅದಕ್ಕೆ ಹೊಂದುವ, ಎಲ್ಲ ಭಾಗಗಳನ್ನೂ ಕೂರಿಸುವ ಬೋರ್ಡಿನ ಚಿಂತೆ, ಬೋರ್ಡು ಗೊತ್ತಾಗುವಷ್ಟರಲ್ಲಿ ಕಾರ್ಡು ಹಳತು. ಅಕ್ಕ ಆ ಪೆಟ್ಟಿಗೆಯ ಮೇಲೆ ಮಡಿಸಿದ ಬಟ್ಟೆ ಇಡಲಾರಂಭಿಸಿದಳು. "ರೀ, ಕೂಸು ಹುಟ್ಟೋಕ್ಮುಂಚೆ ತೊಟ್ಟಿಲು ತಂದು ಮರೆತ ಹಾಗಾಯ್ತು," ಎಂದು ನಗುತ್ತಿದ್ದಳು. ಬರುಬರುತ್ತ ನಗುವುದನ್ನು ಬಿಟ್ಟಳು.

ಮಗಳು ನೆರೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಟ್ಟ ಹಣದಲ್ಲಿ ಒಂದು ಸಿದ್ಧ ಯಂತ್ರವನ್ನು ತಂದೇಬಿಟ್ಟಳು. ದೊಡ್ಡ ತಂಡವೊಂದರ ಆಯ್ಕೆಯ ಪಂದ್ಯ ಭಾನುವಾರವಿತ್ತು. "ಅಪ್ಪ, ಅದು ಮುಗಿಯೋವರೆಗೂ ಇದನ್ನ ಮುಟ್ಟಬೇಡ," ಎಂದಳು. ಭಾವ ತಲೆಯಾಡಿಸಿದರು.

ಶನಿವಾರ ಹನ್ನೊಂದರ ಹೊತ್ತಿಗೆ ನಾನು ಹೋದಾಗ ಅವಳು ಪಾಠಕ್ಕೆ ಹೋಗಿದ್ದಳು, ಯಂತ್ರ ಮೇಜಿನ ಮೇಲೆ ಹೊಟ್ಟೆ ತೆರೆದು ಮಲಗಿತ್ತು. ಭಾವನ ಮುಖದಲ್ಲಿ ಆ ಏಳು ಮಹಡಿಯ ಕಳೆ. "ಏನೋ ಗುಂಯ್ ಅಂತಿತ್ತು ಕಣಯ್ಯ. ಎತ್ತಿ ನೋಡು, ಎಷ್ಟು ಹಗುರ ಇದೆ." ಅದರ ಪವರ್ ಸಪ್ಲೈಯನ್ನು ನನ್ನ ಅಂಗೈಯಲ್ಲಿಟ್ಟರು. ನಿಜಕ್ಕೂ ಬೆಂಡಿನಷ್ಟು ಹಗುರ. "ಹೌದು ಭಾವ, ಕಳಪೆ," ಎಂದೆ. ಆಗಲೇ ಅವರ ಕೈ ಹಿಡಿದಿದ್ದರೆ! ನಾನು ಕಾಫಿ ಕುಡಿಯುತ್ತ ಕೂತೆ.

ಕಪಾಟಿನಲ್ಲಿದ್ದ ತಮ್ಮ ಉತ್ತಮವಾದುದನ್ನು ತಂದು ಜೋಡಿಸಹೊರಟರು. ಆ ಸಿದ್ಧ ಯಂತ್ರದ ಬೋರ್ಡಿನಲ್ಲಿ ತಂತಿ ಸಿಗಿಸುವ ಕಿಂಡಿಯ ಅಳತೆ ಬೇರೆ. ಒತ್ತಿದರು, ಇನ್ನೂ ಸ್ವಲ್ಪ ಒತ್ತಿದರು. ಚಿಟಕ್ಕೆಂದು ಕಿಂಡಿ ಬಿರಿದು ಒಳಗಿನ ಕಡ್ಡಿಗಳು ಬಾಗಿದವು. ಇನ್ನು ಹಳೆಯದೂ ಕೂರಲಿಲ್ಲ. ಅಂಗಡಿಗೆ ಫೋನು ಮಾಡಿದರೆ, ಬೋರ್ಡನ್ನೇ ಬದಲಿಸಬೇಕು, ತರಿಸಲು ವಾರವಾದರೂ ಬೇಕು ಎಂಬ ಉತ್ತರ.

ಹುಡುಗಿ ಬಂದಳು. ತಟ್ಟೆಯಲ್ಲಿ ಅಳತೆಗೆ ತಕ್ಕಂತೆ ಬೇರ್ಪಡಿಸಿಟ್ಟಿದ್ದ ತಿರುಪುಗಳನ್ನು ನೋಡಿದಳು, ಅಪ್ಪನನ್ನು ನೋಡಿದಳು. ಭಾವ ಆ ಹಗುರ ಡಬ್ಬಿಯನ್ನು ಸಾಕ್ಷಿಯಂತೆ ಮುಂದೆ ಚಾಚಿ, "ಒಂದು ವರ್ಷ ಬರ್ತಿರಲಿಲ್ಲ ಇದು," ಎಂದರು.

"ನನಗೆ ನಾಳೆ ಒಂದು ದಿನ ಬಂದಿದ್ರೆ ಸಾಕಿತ್ತು ಅಪ್ಪ," ಎಂದಳು. ದನಿ ಏರಿಸಲಿಲ್ಲ. ಗೆಳತಿಗೆ ಫೋನು ಮಾಡಿ ಅವಳ ಕಂಪ್ಯೂಟರು ಕೇಳಿದಳು. ಆದರೆ ಗೆಳತಿಯೂ ಅದರಲ್ಲೇ ಅದೇ ಪಂದ್ಯ ಆಡಬೇಕಿತ್ತು. ಭಾನುವಾರ ಇವಳ ಜಾಗದಲ್ಲಿ ಇನ್ನಾರೋ ಆಡಿದರು, ಆಯ್ಕೆಯಾದರು, ಅಲ್ಲೇ ನೆಲೆ ನಿಂತರು.

ನಾಲ್ಕು ತಿಂಗಳ ನಂತರ ಭಾವ ತಮ್ಮ ಯಂತ್ರವನ್ನು ಒಬ್ಬರೇ ಕೂತು ಪೂರ್ಣಗೊಳಿಸಿದರು. ಬಾಚಿದ ಕೂದಲಿನಂತೆ ನೇರ್ಪಾಗಿ ಕಟ್ಟಿದ ತಂತಿಗಳು. ಓಡುತ್ತಿದೆಯೋ ಇಲ್ಲವೋ ತಿಳಿಯದಷ್ಟು ನಿಶ್ಶಬ್ದ. ಮಗಳನ್ನು ಕರೆದರು. ಅವಳು ಬಾಗಿಲಲ್ಲೇ ನಿಂತು, "ಚೆನ್ನಾಗಿದೆ ಅಪ್ಪ," ಎಂದು ಬಟ್ಟೆ ಇಸ್ತ್ರಿ ಮಾಡಲು ಹೋದಳು. ಆ ಆಟದ ಹೆಸರನ್ನು ಅವಳು ಮತ್ತೆ ಎತ್ತಿದ್ದನ್ನು ನಾನು ಕೇಳಿಲ್ಲ.

ಭಾವನಂಥವರನ್ನು ನಾನು ಆಮೇಲೆ ಬಹಳ ಕಡೆ ಕಂಡಿದ್ದೇನೆ. ಅವರು ಸುಳ್ಳಾಡುವುದಿಲ್ಲ, ಕುಡಿಯುವುದಿಲ್ಲ, ಯಾರಿಗೂ ಕೇಡು ಬಯಸುವುದಿಲ್ಲ. ಅವರು ಹೇಳಿದ್ದು ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿಯೇ ಇರುತ್ತದೆ. ಪ್ರೀತಿಯನ್ನೂ ಅವರು ಎಲ್ಲ ಸರಿಪಡಿಸಿಯೇ ಕೊಡಬೇಕೆಂದು ಕಾಯುತ್ತಾರೆ, ಪಡೆಯಬೇಕಾದವರ ವಯಸ್ಸು ಅಷ್ಟರಲ್ಲಿ ದಾಟಿಹೋಗಿರುತ್ತದೆ. ಕೆಟ್ಟವರ ಮೇಲಾದರೆ ಕೂಗಾಡಿ ಹಗುರಾಗಬಹುದು. ಇಂಥವರ ಮನೆಯವರಿಗೆ ಆ ಸೌಕರ್ಯವೂ ಇಲ್ಲ. ಅವರು ಹೌದು ಹೌದೆಂದು ಒಪ್ಪುತ್ತಲೇ ಒಬ್ಬೊಬ್ಬರಾಗಿ ದೂರ ಸರಿಯುತ್ತಾರೆ.