ಲಾಕರಿನಲ್ಲಿದ್ದ ಪಾಸ್‌ಪೋರ್ಟ್

ನಾವಿದ್ದ ನಾರ್‌ಕ್ರಾಸ್ ಊರಿನಿಂದ ನ್ಯೂ ಮೆಕ್ಸಿಕೋದ ಬಿಳಿ ಮರಳು ದಿಬ್ಬಗಳಿಗೆ ಎರಡೂವರೆ ದಿನದ ದಾರಿ. ಅಷ್ಟೂ ದಾರಿ ನನ್ನ ಗಂಡ ಶೇಷಾದ್ರಿಯೇ ಕಾರು ಓಡಿಸಿದರು. ನನಗೂ ಲೈಸೆನ್ಸ್ ಇದೆ. ಕೇಳಿದ್ದಕ್ಕೆ, "ಹೈವೇ ನಿಂಗೆ ಆಗಲ್ಲ ಮೈಥಿಲಿ, ಮ್ಯಾಪ್ ನೋಡ್ತಾ ಕೂತ್ಕೋ" ಎಂದರು. ಮ್ಯಾಪ್ ನೋಡಿ ನಾನು ಹೇಳಿದ ತಿರುವನ್ನೂ ನಂಬದೆ ಗ್ಯಾಸ್ ಸ್ಟೇಷನ್ನಿನಲ್ಲಿ ಇಳಿದು ಕೇಳಿಕೊಂಡು ಬಂದರು.

ತೊಂಬತ್ತೇಳನೇ ಇಸವಿಯ ಮಾರ್ಚ್ ಅದು. ಮೇ ತಿಂಗಳಲ್ಲಿ ಮೈಸೂರಿನಲ್ಲಿ ನನ್ನ ತಂಗಿ ರಚನಾಳ ಮದುವೆ. ನಾನು ಹೋಗಲೇಬೇಕು, ಇವರು ಕಳಿಸುವುದಿಲ್ಲ. ವಾಪಸ್ ಬರುವಾಗ ವೀಸಾ ಸ್ಟ್ಯಾಂಪಿಂಗ್ ಸಿಗದಿದ್ದರೆ ಏನು ಗತಿ ಎನ್ನುವುದು ದಿನಾ ಮೂರು ಹೊತ್ತಿನ ಮಂತ್ರ. ಜಗಳ ಜೋರಾದ ಮೇಲೆ ನನ್ನ ಪಾಸ್‌ಪೋರ್ಟನ್ನು ತಮ್ಮದರ ಜೊತೆ ಬ್ಯಾಂಕಿನ ಲಾಕರಿಗೆ ಹಾಕಿ ಬಂದರು. ಲಾಕರ್ ಇರುವುದು ಅವರೊಬ್ಬರ ಹೆಸರಿನಲ್ಲಿ. ಅಳುವ ಮಗುವಿನ ಬಾಯಿಗೆ ಪೆಪ್ಪರ್‌ಮೆಂಟು ತುರುಕಿದ ಹಾಗೆ ಈ ಪ್ರವಾಸ.

ಜಾಗ ಚೆನ್ನಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಕಣ್ಣು ಹಾಯಿಸಿದಷ್ಟೂ ಬೆಳ್ಳಗೆ, ರಂಗೋಲಿ ಪುಡಿಯನ್ನು ಗುಡ್ಡೆ ಹಾಕಿದಂತೆ. ಅಷ್ಟು ಬಿಸಿಲಿನಲ್ಲೂ ಮರಳು ಕಾಲಿಗೆ ತಣ್ಣಗಿತ್ತು. ಇವರು ದಿಬ್ಬದ ಮೇಲೆ ಟ್ರೈಪಾಡ್ ಹೂಡಿದರು.

"ಸ್ವಲ್ಪ ನಗು. ಅಮ್ಮಂಗೆ ಫೋಟೋ ಕಳಿಸ್ಬೇಕು."

"ನನ್ನ ಪಾಸ್‌ಪೋರ್ಟ್ ಕೊಡ್ತೀನಿ ಅನ್ನಿ, ನಗ್ತೀನಿ."

"ಇಲ್ಲೂ ಶುರು ಮಾಡಿದ್ಯಾ? ಲಾಕರ್‌ನಲ್ಲಿ ಸೇಫಾಗಿದೆ. ಮನೆ ಕೀನೇ ಕಳ್ಕೊಂಡೋಳು ನೀನು."

"ಒಂದ್ಸಲ ಕಳ್ಕೊಂಡೆ. ಅದನ್ನ ನೂರು ಸಲ ಹೇಳಿದೀರಿ."

ಫೋಟೋದಲ್ಲಿ ನಾನು ನಗಲಿಲ್ಲ. ಬೆಳಿಗ್ಗೆ ಮೋಟೆಲಿನಲ್ಲಿ ಕಲಸಿ ತಂದ ಮೊಸರನ್ನವನ್ನು ಕಾರಿನಲ್ಲಿ ಮುಖ ತಿರುಗಿಸಿಕೊಂಡು ತಿಂದೆವು.

ಅಲ್ಲಿಂದ ಹೊರಟು ಸ್ವಲ್ಪ ದೂರಕ್ಕೆ ತನಿಖಾ ಠಾಣೆ. ಮೆಕ್ಸಿಕೋ ಗಡಿ ಹತ್ತಿರವಾದ್ದರಿಂದ ಎಲ್ಲ ಕಾರುಗಳನ್ನೂ ನಿಲ್ಲಿಸುತ್ತಿದ್ದರು. ಅಧಿಕಾರಿ ಬಗ್ಗಿ ನೋಡಿ ಕಾಗದಪತ್ರ ಕೇಳಿದ. ಇವರು ಗತ್ತಿನಿಂದ ಪ್ಲಾಸ್ಟಿಕ್ ಫೋಲ್ಡರ್ ಕೊಟ್ಟರು. ಒಳಗೆ ನಮ್ಮಿಬ್ಬರ ಪಾಸ್‌ಪೋರ್ಟುಗಳ ಜೆರಾಕ್ಸ್. ಹೋದ ಸಲ ಊರಿಗೆ ಹೋದಾಗ ಇವರು ತಮ್ಮ ಸೋದರಮಾವನ ಕೈಲಿ ಅಟೆಸ್ಟ್ ಮಾಡಿಸಿಕೊಂಡು ಬಂದದ್ದು, ಪ್ರತಿ ಹಾಳೆಗೂ ದುಂಡು ಸೀಲು, ಹಸಿರು ಇಂಕಿನ ಸಹಿ.

ಈ ಸಹಿ ಯಾರದ್ದು ಎಂದ ಅಧಿಕಾರಿ. ಗೆಜೆಟೆಡ್ ಆಫೀಸರ್ ಎಂದರು ಇವರು. ಆತನಿಗೆ ಅರ್ಥವಾಗಲಿಲ್ಲ. ಸರ್ಕಾರಿ ಕಾಲೇಜಿನ ಪ್ರಿನ್ಸಿಪಾಲರು, ನಮ್ಮ ಮಾವ ಎಂದು ಬಿಡಿಸಿ ಹೇಳಿದರು. ನಿಮ್ಮ ಮಾವನ ಸಹಿ ಇಟ್ಟುಕೊಂಡು ನಾನೇನು ಮಾಡಲಿ, ಒರಿಜಿನಲ್ ಎಲ್ಲಿ ಎಂದು ಆತ ಕೇಳಿದ.

"ಬ್ಯಾಂಕ್ ಲಾಕರಿನಲ್ಲಿ," ಎಂದು ಇವರು ಇಂಗ್ಲಿಷಿನಲ್ಲಿ ಹೇಳಿದರು.

ಫೋನಿನಲ್ಲಿ ನಮ್ಮ ವಿವರ ಖಚಿತವಾಗುವವರೆಗೆ ಮೂರು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಇವರು ಬೆವರುತ್ತಿದ್ದರು. ನನಗೂ ಭಯವಿತ್ತು, ಆದರೂ ಹೊಟ್ಟೆ ತಣ್ಣಗಾಯಿತು ಎಂದು ಹೇಳಿಬಿಡುತ್ತೇನೆ. ಮಾಡಿದ್ದುಣ್ಣೋ ಮಹಾರಾಯ.

ಬಿಡುವಾಗ ಅಧಿಕಾರಿ ಇವರನ್ನು ಬಿಟ್ಟು ನನ್ನ ಕಡೆ ತಿರುಗಿದ. ಒರಿಜಿನಲ್ ಯಾವಾಗಲೂ ಅವರವರ ಹತ್ತಿರವೇ ಇರಬೇಕು, ಅದು ಕಾನೂನು, ನಿಮ್ಮದನ್ನು ನಿಮ್ಮ ಪರ್ಸಿನಲ್ಲಿಟ್ಟುಕೊಳ್ಳಿ ಎಂದ. ಇಷ್ಟು ದಿನ ನಾನು ಬಾಯಿ ಬಡಿದುಕೊಂಡದ್ದು ಇವರ ಕಿವಿಗೆ ಬಿದ್ದಿರಲಿಲ್ಲ. ಅವನು ಒಮ್ಮೆ ಹೇಳಿದ್ದಕ್ಕೆ ಮೂರು ಸಲ "ಯೆಸ್ ಸರ್" ಎಂದರು.

ನಾರ್‌ಕ್ರಾಸ್ ಮುಟ್ಟಿದ ಮಾರನೇ ದಿನವೇ ಲಾಕರ್ ತೆಗೆಸಿ ಪಾಸ್‌ಪೋರ್ಟನ್ನು ನನ್ನ ಕೈಗೆ ಕೊಟ್ಟರು. "ಜೋಪಾನ, ಕಳ್ಕೋಬೇಡ" ಎಂದರು.

ಅವರು ಆಫೀಸಿಗೆ ಹೋದ ಮೇಲೆ ಟ್ರಾವೆಲ್ ಏಜೆಂಟಿಗೆ ಫೋನ್ ಮಾಡಿ ತಂಗಿಯ ಮದುವೆಗೆ ಹೋಗಲು ಟಿಕೆಟ್ ಕೇಳಿದೆ. ರಿಟರ್ನ್ ಯಾವ ತಾರೀಕಿಗೆ ಎಂದು ಕೇಳಿದ. ಹೋಗುವುದಕ್ಕಷ್ಟೇ ಸಾಕು ಎಂದೆ. ಮಾವನ ಸೀಲು ಬಿದ್ದ ನನ್ನ ಜೆರಾಕ್ಸ್ ಇವರ ಫೋಲ್ಡರಿನಲ್ಲೇ ಇದೆ, ಇಟ್ಟುಕೊಳ್ಳಲಿ.