ಅಪ್ಪನಿಗೆ ಬಗ್ಗಿಸಿದ ಲೋಟ

ಚಲುವರಾಜು ಲೋಟವನ್ನು ಕಿಟಕಿಯಿಂದ ಆಚೆ ಬಗ್ಗಿಸಿದ. ಬ್ರಾಂದಿ ಹಿತ್ತಿಲ ತಿಪ್ಪೆಗೆ ಬಿತ್ತು, ಒಂದಿಷ್ಟು ಅವನ ಅಂಗೈಗೂ ಇಳಿಯಿತು. ಸಾಯಿ, ಎಂದ ಅಪ್ಪನ ಫೋಟೋಗೆ, ಮನಸ್ಸಿನಲ್ಲೇ. ಒಣಗಂಟಲಲ್ಲಿ ಇನ್ನೊಂದು ಸಲ ಸಾಯಿ.

ಅಪ್ಪ ಮಂಚಯ್ಯ ಸತ್ತು ಹನ್ನೊಂದು ವರ್ಷ. ಪ್ರತಿ ಪಿತೃಪಕ್ಷಕ್ಕೂ ಚಿನಕುರಳಿಯ ಈ ನಡುಮನೆಯಲ್ಲಿ ಅವನ ಫೋಟೋದ ಮುಂದೆ ಬಾಳೆಲೆ ಹಾಕಿ ಮುದ್ದೆ, ಬಾಡಿನ ಸಾರು, ಬೀಡಿಕಟ್ಟು, ಬ್ರಾಂದಿ ಎಡೆ ಇಡುತ್ತಿದ್ದರು. ಬ್ರಾಂದಿಯನ್ನು ಹಿರಿಮಗನೇ ಲೋಟಕ್ಕೆ ಬಗ್ಗಿಸಬೇಕು. ಆಮೇಲೆ ಎಲ್ಲರೂ ಆಚೆ ಬಂದು ಬಾಗಿಲು ಮುಚ್ಚಬೇಕು, ಸತ್ತವನು ಬಂದು ಉಣ್ಣಲಿ ಅಂತ. ದೀಪಕ್ಕೆ ಎಣ್ಣೆ ಬಿಡುವ ನೆಪದಲ್ಲಿ ಚಲುವರಾಜು ಕೊನೆಗೆ ಒಬ್ಬನೇ ಉಳಿದಿದ್ದ.

ಪಾಂಡವಪುರದಲ್ಲಿ ಹುಡುಗರಿಗೆ ಇತಿಹಾಸ ಹೇಳುವ ಲೆಕ್ಚರರ್ ಚಲುವರಾಜು ಮೈಸೂರಿನ ಆಸ್ಪತ್ರೆಯಲ್ಲಿ ಕುಡಿತ ಬಿಡಿಸಿಕೊಂಡು ಬಂದು ಎಂಬತ್ತಮೂರು ದಿನವಾಗಿತ್ತು. ಇನ್ನೊಂದು ತೊಟ್ಟು ಕುಡಿದರೂ ಮಗಳು ಅನುವನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆಂದು ಹೆಂಡತಿ ಸುನಿತಾ ಹೇಳಿದ್ದಳು. ಅತ್ತು ಕೂಗಾಡಿ ಹೇಳಿದ್ದರೆ ಅವನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಯಾರ ಮೇಲೂ ದ್ವೇಷ ಇಟ್ಟುಕೊಳ್ಳಬೇಡಿ ಎಂದಿದ್ದರು ಡಾಕ್ಟರು. ಅವರಿಗೇನು ಗೊತ್ತು! ಹನ್ನೆರಡನೇ ವಯಸ್ಸಿನಲ್ಲಿ, ತಾತನ ಎಡೆಯಿಂದ ಎತ್ತಿ, "ಪ್ರಸಾದ ಕಣ್ಲಾ, ಗಂಡ್ಸಾಗು" ಎಂದು ಮೊದಲ ತೊಟ್ಟು ಕುಡಿಸಿದವನು ಈ ಅಪ್ಪನೇ.

ಚಲುವರಾಜು ಹೊರಗೆ ಬಂದ. ಬಾಗಿಲು ಮುಚ್ಚಿದರು. ಹತ್ತು ನಿಮಿಷ ಬಿಟ್ಟು ಅವ್ವ ದ್ಯಾವಮ್ಮ ಮೂರು ಸಲ ತಟ್ಟಿ ತೆರೆದಳು. ಖಾಲಿ ಲೋಟ ಕಂಡವಳು ಹೊಸ್ತಿಲ ಮೇಲೆ ಕುಸಿದಳು.

"ಕುಡ್ದವ್ನೆ! ಅನ್ನೊಂದ್ ವರ್ಸ ಆಗಿತ್ತು, ಒಂದ್ ತೊಟ್ಟು ಮುಟ್ಟಿರ್ನಿಲ್ಲ. ನಿಮ್ಮಪ್ಪ ಬಂದವ್ನೆ ಕಣ್ಲಾ!"

ಸುನಿತಾ ಲೋಟ ನೋಡಲಿಲ್ಲ, ಗಂಡನ ಬಾಯಿ ನೋಡಿದಳು.

"ನೀವಾ?"

"ಅಲ್ಲ."

"ಮತ್ತೆ? ಕೊನೇಗ್ ಒಳ್ಗಿದ್ದೋರು ನೀವೇ."

ಅವನು ಹತ್ತಿರ ಹೋಗಿ ಉಸಿರು ಬಿಟ್ಟು ತೋರಿಸಿದ. ವಾಸನೆ ಕೈಯಿಂದ ಬರುತ್ತಿತ್ತು. ಅವಳು ಅಷ್ಟೆಲ್ಲ ವಿಚಾರಿಸುವ ಹಂತ ದಾಟಿದ್ದಳು.

"ಅನೂ, ಚಪ್ಲಿ ಆಕ್ಕೊ."

"ಸುರುದ್ಬುಟ್ಟೆ ಕಣೇ. ತಿಪ್ಪೆಗೆ. ಆ ಮುಂಡೇಮಗ ಬಾಯಾರ್ಕಂಡೇ ಓಗ್ಲಿ ಅಂತ!"

ಅವ್ವ ಕಣ್ಣೀರಿನಲ್ಲೇ ನಕ್ಕಳು. "ಬುಡ್ಲಾ, ಸಾಕು. ಬ್ರಾಂದಿಯ ಯಾರಾರಾ ತಿಪ್ಪೆಗ್ ಸುರೀತಾರಾ?"

ಸುನಿತಾ ಮಗಳ ಕೈ ಹಿಡಿದು ಬಸ್ಸಿನ ದಾರಿ ಹಿಡಿದಳು. ಚಲುವರಾಜು ಅವರ ಹಿಂದೆ ಹೊರಟ. ಅವ್ವ ಅವನ ತೋಳು ಹಿಡಿದು ಒಳಗೆಳೆದು, ಉಳಿದರ್ಧ ಬಾಟಲಿಯನ್ನು ಅವನ ಕೈಗಿಟ್ಟಳು.

"ಇನ್ನೊಸಿ ಬಗ್ಸು. ನೀನಿದ್ದಿದ್ಕೇ ಬಂದವ್ನೆ, ಒಳ್ಗೇ ಇರು."

ಬಗ್ಗಿಸಿದ. ಲೋಟ ತುಂಬಿತು. ಮತ್ತೆ ಕಿಟಕಿಯಾಚೆ ಚೆಲ್ಲಿದರೂ ಅಪ್ಪ ಕುಡಿದ ಹಾಗೆಯೇ. ತಾನೇ ಕುಡಿದರೂ ಅಪ್ಪ ಕುಡಿದ ಹಾಗೆಯೇ. ಸತ್ತವನನ್ನು ಸೋಲಿಸಲು ದಾರಿಯೇ ಇರಲಿಲ್ಲ.

ಆಚೆಯಿಂದ ಬಾಗಿಲು ಮುಚ್ಚಿಕೊಂಡಿತು. ಅವ್ವ ಯಾರಿಗೋ ಗದರುತ್ತಿದ್ದಳು: "ಯಾರೂ ಬಾಗ್ಲು ತಗೀಬ್ಯಾಡಿ. ನಿದಾನ್ವಾಗ್ ಕುಡೀಲಿ."

ಚಲುವರಾಜು ಬಾಳೆಲೆಯ ಮುಂದೆ, ಉಣ್ಣಲು ಬರುವವನ ಜಾಗದಲ್ಲಿ, ಚಕ್ಕಳಮಕ್ಕಳ ಹಾಕಿ ಕೂತ.