ಪಾಸಾದ ತೂಕ

ಕೊಲ್ಹಾಪುರದಲ್ಲಿ ಸಮುದ್ರವಿಲ್ಲ. ಘಟ್ಟ ಇಳಿದು ರತ್ನಾಗಿರಿಗೆ ಹೋದರೆ ಸಿಗುತ್ತದೆ. ಅದಕ್ಕೆ ಮೂರೂವರೆ ತಾಸು ಬೇಕು, ನಡುವೆ ವಾಂತಿಗೆಂದು ಎರಡು ಸಲ ಗಾಡಿ ನಿಲ್ಲಿಸಬೇಕು. ಆದರೂ ಊರಿನ ನಡುಮಧ್ಯದಲ್ಲಿ, ಒಂದು ಚಪ್ಪಲಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಹಡಗಿನ ವ್ಯಾಪಾರಕ್ಕೆ ಸಾಫ್ಟ್‌ವೇರ್ ಮಾಡುವ ಕಂಪನಿಯೊಂದಿತ್ತು. ಅಲ್ಲಿ ಹಡಗು ನೋಡಿದವನು ಭರತೇಶ ಮಗದುಮ ಒಬ್ಬನೇ. ಉಳಿದ ಎಂಟು ಮಂದಿ ಹಡಗನ್ನು ಕಂಡದ್ದು ಸಿನಿಮಾದಲ್ಲಿ, ಅದೂ ಮುಳುಗುವಾಗ.

ಶಿರೋಳದ ಜೈನ ಒಕ್ಕಲು ಮನೆಯಲ್ಲಿ ಹುಟ್ಟಿದ ಭರತೇಶ ಹತ್ತೊಂಬತ್ತು ವರ್ಷ ಸರಕು ಹಡಗಿನಲ್ಲಿದ್ದ. ಕೊನೆಯ ಆರು ವರ್ಷ ಚೀಫ್ ಆಫೀಸರ್. ಯಾವ ಕಂಟೇನರ್ ಎಲ್ಲಿ ಕೂರಬೇಕು ಎಂದು ತೀರ್ಮಾನಿಸುವ ಕೆಲಸ: ಭಾರದ್ದು ಕೆಳಗೆ, ಹಗುರದ್ದು ಮೇಲೆ. ಅವನಿಗೆ ಸಮುದ್ರ ಬಿಡಿಸಿದ್ದು ಬಿರುಗಾಳಿಯಲ್ಲ, ರಕ್ತದೊಳಗಿನ ಸಕ್ಕರೆ. ವೈದ್ಯಕೀಯ ಪರೀಕ್ಷೆಯಲ್ಲಿ ಫೇಲಾದ. ಊರಿಗೊಂದು ಸಕ್ಕರೆ ಕಾರ್ಖಾನೆ ಇರುವ ಸೀಮೆಯವನಿಗೆ ಇದಕ್ಕಿಂತ ಸ್ವದೇಶಿ ರೋಗ ಇನ್ನಾವುದು ಬರಬೇಕು?

ಆಮೇಲೆ ಹದಿನಾಲ್ಕು ತಿಂಗಳು ಮನೆಯಲ್ಲಿ ಕೂತ. ಕಂಪ್ಯೂಟರಿನ ಎರಡು ಕೋರ್ಸು ಮುಗಿಸಿದ, ಕಂಡ ಕಂಡಲ್ಲಿ ಅರ್ಜಿ ಹಾಕಿದ. ಹಡಗಿನ ಕಂಪನಿಗಳು ಅವನನ್ನು ಕಂಪ್ಯೂಟರಿನವನು ಎಂದವು, ಕಂಪ್ಯೂಟರಿನ ಕಂಪನಿಗಳು ಹಡಗಿನವನು ಎಂದವು. ಯಾರಾದರೂ ಕೇಳಿದರೆ ಹೆಂಡತಿ ರತ್ನಮಾಲಾ, “ರಜಾಕ್ಕ ಬಂದಾರ್ರಿ” ಎನ್ನುತ್ತಿದ್ದಳು. ಒಂಬತ್ತನೆಯ ತಿಂಗಳಿಗೆ ಪಕ್ಕದ ಮನೆಯಾಕೆ, “ರಜಾ ಭಾಳ ಉದ್ದ ಆತಲ್ರಿ ವೈನಿ” ಎಂದಳು. ಅಂದಿನಿಂದ ರತ್ನಮಾಲಾ ಹಿಂದಿನ ಬಾಗಿಲಿನಿಂದ ಓಡಾಡಲು ಶುರುಮಾಡಿದಳು.

ಕೊನೆಗೆ ಕೈಹಿಡಿದವನು ಕುಣಾಲ. ಮೂವತ್ತೊಂದರ ಹುಡುಗ, ಕಂಪನಿಯ ಮಾಲೀಕ, ದೂರದ ಸಂಬಂಧಿ. ‘ಸಾಗರ ವ್ಯವಹಾರ ಸಲಹೆಗಾರ’ ಎಂದು ಹುದ್ದೆ ಕೊಟ್ಟು, ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಹಿಂದೆ ‘ಕ್ಯಾಪ್ಟನ್’ ಎಂದು ಅಚ್ಚು ಹಾಕಿಸಿದ. ಭರತೇಶ ಯಾವತ್ತೂ ಕ್ಯಾಪ್ಟನ್ ಆಗಿರಲಿಲ್ಲ. ಮೊದಲ ವಾರ ತಿದ್ದಿದ, ಎರಡನೆಯ ವಾರ ಸುಮ್ಮನಾದ.

ಕುಣಾಲನಿಗೆ ಬೇಕಾಗಿದ್ದದ್ದು ಸಲಹೆಗಿಂತ ಹೆಚ್ಚಾಗಿ ಒಂದು ಕಥೆ. ಅದೂ ಭರತೇಶನ ಹತ್ತಿರ ಇತ್ತು. ಬಿಸ್ಕೇ ಕೊಲ್ಲಿಯಲ್ಲಿ ಒಂದು ಚಳಿಗಾಲ. ಕಾಗದದಲ್ಲಿ ಹನ್ನೆರಡು ಟನ್ ಎಂದಿದ್ದ ಕಂಟೇನರ್ ನಿಜಕ್ಕೆ ಇಪ್ಪತ್ತೈದು ಟನ್ ಇತ್ತು. ಹಗುರವೆಂದು ನಂಬಿ ಭರತೇಶನೇ ಅದನ್ನು ಐದನೆಯ ಅಂತಸ್ತಿಗೆ ಏರಿಸಿದ್ದ. ಹಡಗು ಹೊರಳಿದಾಗ ಇಡೀ ಸಾಲು ಕುಸಿಯಿತು. ಕೆಳಗೆ ಸರಪಳಿ ಬಿಗಿಯುತ್ತಿದ್ದ ರೆನಾಟೊ ಎಂಬ ಫಿಲಿಪೀನ್ಸಿನ ನಾವಿಕನನ್ನು ಹೊರತೆಗೆಯಲು ನಾಲ್ಕು ತಾಸು ಹಿಡಿಯಿತು. ತೆಗೆದು ಉಪಯೋಗವೇನೂ ಇರಲಿಲ್ಲ. ವಿಚಾರಣೆಯಲ್ಲಿ ಭರತೇಶನ ತಪ್ಪಿಲ್ಲವೆಂದಾಯಿತು; ಕಾಗದದ ಪ್ರಕಾರ ಅವನು ಸರಿಯಾದ ಜಾಗದಲ್ಲೇ ಇಟ್ಟಿದ್ದ.

ಇದನ್ನು ಒಮ್ಮೆ ಬಾಯಿತಪ್ಪಿ ಕುಣಾಲನಿಗೆ ಹೇಳಿಬಿಟ್ಟ. ಮರುವಾರವೇ ಅದು ಕಂಪನಿಯ ಪ್ರೆಸೆಂಟೇಶನ್ನಿನಲ್ಲಿ ಏಳನೆಯ ಸ್ಲೈಡಾಯಿತು, ಹಿಂದೆ ಸೂರ್ಯಾಸ್ತದ ಚಿತ್ರ. “ಕ್ಯಾಪ್ಟನ್, ಆ ರೆನಾಟೊಂದು ಹೇಳ್ರಿ. ಗಿರಾಕಿ ಎಕದಮ್ ಗಪ್ ಆಗ್ತಾರ,” ಎನ್ನುತ್ತಿದ್ದ ಕುಣಾಲ. ಗಿರಾಕಿಗಳು ನಿಜವಾಗಿಯೂ ಗಪ್ಪಾಗುತ್ತಿದ್ದರು. ಆಮೇಲೆ ಚಹಾ ಬರುತ್ತಿತ್ತು. ಹೇಳಿ ಹೇಳಿ ರೆನಾಟೊನ ಮುಖ ಭರತೇಶನಿಗೇ ಮಸುಕಾಗತೊಡಗಿತ್ತು.

ಅದಕ್ಕೆ ಪ್ರತಿಯಾಗಿ ಅವನು ಹಟ ಹಿಡಿದು ಪಡೆದದ್ದು ಒಂದೇ ಒಂದು. ಬಂದರಿಗೆ ಹೊರಡುವ ಪ್ರತಿ ಕಂಟೇನರನ್ನೂ ತೂಗಿ ಆ ಅಂಕಿಯನ್ನು ಹಡಗಿನವರಿಗೆ ಮೊದಲೇ ಕಳಿಸಬೇಕೆಂಬುದು ನಿಯಮ. ಸಾಫ್ಟ್‌ವೇರಿನ ಆ ಜಾಗಕ್ಕೆ ಭರತೇಶ ಬೀಗ ಹಾಕಿಸಿದ. ಹೊಸ ಗಿರಾಕಿಯ ಮೊದಲ ಮೂರು ತಿಂಗಳು ತೂಕದ ಅಂಕಿ ಹೋಗಬೇಕಾದರೆ ಅವನ ಮೊಬೈಲಿಗೆ ಓಟಿಪಿ ಬರಬೇಕು, ಗಾಡಿ ತೂಗುವ ಕಾಟಾದ ಚೀಟಿ ಕಣ್ಣಾರೆ ನೋಡಿ ಅವನು ಅದನ್ನು ಹೇಳಬೇಕು. ಬದುಕಿನಲ್ಲಿ ಉಳಿದ ಒಂದೇ ಒಂದು ಅರ್ಥವುಳ್ಳ ಕೆಲಸವೆಂದು ಅವನು ಅದನ್ನು ತಿಳಿದಿದ್ದ. ಯಾರಿಗೂ ಹಾಗೆಂದು ಹೇಳಿರಲಿಲ್ಲ. ಹೇಳಿದರೆ ಎಂಟನೆಯ ಸ್ಲೈಡಾಗುವ ಭಯವಿತ್ತು.

ಜನವರಿಯಲ್ಲಿ ಇಚಲಕರಂಜಿಯ ಆಬಾಸಾಹೇಬರು ಗಿರಾಕಿಯಾದರು. ಕೊರೋಚಿಯಲ್ಲಿ ಅವರ ಮಗ್ಗಗಳು. ಹಾಸಿಗೆ ಬಟ್ಟೆ ಪರದೇಶಕ್ಕೆ ಹೋಗುತ್ತಿತ್ತು. ಸಾಫ್ಟ್‌ವೇರ್ ಆರಂಭಿಸುವ ದಿನ ಕುಣಾಲ, ಭರತೇಶ ಇಬ್ಬರೂ ಅಲ್ಲಿಗೆ ಹೋದರು. ಆಬಾಸಾಹೇಬರು ಲ್ಯಾಪ್‌ಟಾಪಿಗೆ ಗಂಧ ಹಚ್ಚಿ ಪೇಢೆ ಹಂಚಿದರು. ಮಗ್ಗದ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದೆ ಎಲ್ಲರೂ ಎಲ್ಲದಕ್ಕೂ ಹೌದೆನ್ನುತ್ತಿದ್ದರು. ಭರತೇಶ ಆಫೀಸಿನ ಬಾಗಿಲು ಹಾಕಿಕೊಂಡು ಹಳೆಯ ದಾಖಲೆ ತೆಗೆದ. ಒಂದು ವರ್ಷದಲ್ಲಿ ಅರವತ್ತೊಂದು ಕಂಟೇನರ್ ಹೋಗಿದ್ದವು. ಪ್ರತಿಯೊಂದರ ತೂಕ ಹದಿನೆಂಟು ಸಾವಿರದ ನಾನೂರ ಇಪ್ಪತ್ತು ಕಿಲೋ.

ಅಲ್ಲಿ ಕಾಗದಪತ್ರ ನೋಡಿಕೊಳ್ಳುವವನು ಗಡಹಿಂಗ್ಲಜದ ಅಲ್ಲಪ್ಪ. ಇಪ್ಪತ್ತು ವರ್ಷದ ಅನುಭವಿ.

“ಅಲ್ಲಪ್ಪಾ, ಇದೇನಿದು? ಅರವತ್ತೊಂದ ಗಾಡಿ, ಒಂದ ತೂಕ?”

“ಹೌದ್ರಿ ಸಾಹೇಬ್ರ. ಪಾಸಾದ ತೂಕ ಅದು.”

“ಪಾಸಾದ ತೂಕ ಅಂದ್ರ?”

“ಹ್ವಾದ ವರ್ಷ ಒಮ್ಮಿ ಕಾಟಾಕ್ಕ ಹಾಕಿದ್ವಿ. ಇಷ್ಟ ಬಂತು. ಕಾಗದ ಹೋತು, ಯಾರೂ ಒಂದ ಮಾತ ಕೇಳ್ಲಿಲ್ಲ. ಪಾಸಾದದ್ದು ಯಾಕ ಬದಲ ಮಾಡೂದ್ರಿ? ಬದಲ ಮಾಡಿದ್ರ ಹಿಂದಿಂದು ಯಾಕ ಹಂಗಿತ್ತು ಅಂತ ಕೇಳ್ತಾರ.”

ಅವನು ಹೆಮ್ಮೆಯಿಂದ ಗೋಡೆಯತ್ತ ಕೈ ಮಾಡಿದ. ಕ್ಯಾಲೆಂಡರಿನ ಪಕ್ಕದಲ್ಲಿ ಆ ಕಾಟಾದ ಚೀಟಿ ಲ್ಯಾಮಿನೇಶನ್ ಆಗಿ ತೂಗುತ್ತಿತ್ತು. ಅಲ್ಲಪ್ಪನಲ್ಲಿ ಕಪಟವಿರಲಿಲ್ಲ ಎಂಬುದೇ ಭರತೇಶನ ಎದೆ ಒಡೆಸಿತು. ಸುಳ್ಳು ಹೇಳುವವನನ್ನು ಹಿಡಿಯಬಹುದು. ಪರಂಪರೆ ಪಾಲಿಸುವವನನ್ನು ಏನು ಮಾಡುವುದು?

ಅಂಗಳದಲ್ಲಿ ಅರವತ್ತೆರಡನೆಯ ಕಂಟೇನರ್ ಟ್ರೇಲರಿನ ಮೇಲೆ ಸಿದ್ಧವಾಗಿ ನಿಂತಿತ್ತು. ಈ ಸಲ ಒಳಗಿದ್ದದ್ದು ಹಾಸಿಗೆ ಬಟ್ಟೆಯಲ್ಲ, ಡೇರೆಯ ದಪ್ಪ ಕ್ಯಾನ್ವಾಸು. ಭರತೇಶ ರೋಲುಗಳ ಪಟ್ಟಿ ನೋಡಿದ, ಟೈರುಗಳ ಹೊಟ್ಟೆ ನೋಡಿದ. ಇಪ್ಪತ್ತಾರು ಟನ್ನಿಗೆ ಕಡಿಮೆಯಿರಲಿಲ್ಲ.

“ಆಬಾಸಾಹೇಬ್ರ, ಇದನ್ನ ತೂಗಲಾರದ ಕಳ್ಸಾಕ ಬರೂದಿಲ್ಲ,” ಎಂದ.

ಆಬಾಸಾಹೇಬರು ನಕ್ಕರು. “ಕ್ಯಾಪ್ಟನ್, ನೀವು ಸಮುದ್ರದ ಮಂದಿ, ನಿಮಗ ಕಬ್ಬಿನ ಹಂಗಾಮ ಮರತೈತಿ. ಹೊರಗ ಹೋಗಿ ಕಾಟಾ ನೋಡಿ ಬರ್ರಿ. ನಾಳೆ ಹತ್ತಕ್ಕ ಬಂದರದ ಗೇಟ್ ಮುಚ್ತೈತಿ. ಗಾಡಿ ಇಲ್ಲಿಂದ ಮೂರಕ್ಕ ಬಿಡಬೇಕು. ಈಗ ಹನ್ನೆರಡ ಆತು. ಈ ಹಡಗ ತಪ್ಪಿದ್ರ ಆರ್ಡರ್ ಹೋತು, ಆರ್ಡರ್ ಹೋದ್ರ ನಿಮ್ಮ ಸಾಫ್ಟ್‌ವೇರ್ ಹಚ್ಚಿ ನಾ ಏನ ತೂಗ್ಲಿ, ನನ್ನ ತಲಿ?”

ಭರತೇಶ ಟ್ರೇಲರ್ ಹೊರಡಿಸಿದ. ಅಲ್ಲಪ್ಪ ಡ್ರೈವರಿನ ಪಕ್ಕ ಕೂತ, ಇವನು ಮೋಟಾರ್‌ಸೈಕಲ್ಲಿನಲ್ಲಿ ಮುಂದೆ.

ಜಯಸಿಂಗಪುರದ ರಸ್ತೆಯ ವಜನಕಾಟಾದ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು. ಭರತೇಶ ಎಣಿಸಿದ, ನಲವತ್ತಮೂರು. ಒಂದೊಂದರ ಹಿಂದೆ ಎರಡೆರಡು ಟ್ರಾಲಿ. ಕಾರ್ಖಾನೆಯಲ್ಲಿ ಅದರದೇ ಕಾಟಾ ಇದೆ. ಆದರೆ ರೈತರಿಗೆ ಅದರ ಮೇಲೆ ನಂಬಿಕೆಯಿಲ್ಲ, ಹೊರಗೊಮ್ಮೆ ತೂಗಿಸಿಯೇ ಒಳಗೆ ಹೋಗುತ್ತಾರೆ. ಇನ್ನೊಬ್ಬರು ಹೇಳಿದ ತೂಕವನ್ನು ನಂಬಬಾರದೆಂದು ಇಡೀ ತಾಲೂಕಿನಲ್ಲಿ ಭರತೇಶನ ಜೊತೆ ಒಪ್ಪುವವರು ಇವರಷ್ಟೇ. ಅವರೇ ದಾರಿಗೆ ಅಡ್ಡ ನಿಂತಿದ್ದರು.

ಸಾಲಿನ ಹದಿನಾಲ್ಕನೆಯ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಒಬ್ಬ ಮುದುಕ ತಂಬಾಕು ತಿಕ್ಕುತ್ತ ಕೂತಿದ್ದ. ಬಾಳಗೊಂಡ ಎಂದು ಹೆಸರು ಹೇಳಿದ.

“ಕಾಕಾ, ಒಂದ ಗಾಡಿ ಮುಂದ ಬಿಡ್ತೀರೇನ್ರಿ? ಮುಂಬಯಿ ಕಡೆ ಹೋಗಬೇಕೈತಿ. ಹಡಗಿನ ಮಾಲು.”

“ಏನೈತ್ರಿ ಅದ್ರಾಗ?”

“ಕ್ಯಾನ್ವಾಸ್.”

“ಬಾಡ್ತೈತೇನು?”

“ಇಲ್ರಿ.”

“ಹಂಗಾರ ನಿಂದರ್ರಿ. ನಿಮ್ಮ ಮಾಲು ನಿಂತ್ರ ಅಷ್ಟ ಇರ್ತೈತಿ. ನಂದು ಬಿಸಲಾಗ ನಿಂತಷ್ಟೂ ಹಗರಾಕ್ಕೋಂತ ಹೊಂಟೈತಿ. ನಿನ್ನೆ ಮುಂಜಾನಿ ಕಡದದ್ದು. ನಿಮಗ ತೂಕ ಗೊತ್ತಾಗಬೇಕು, ನನಗ ತೂಕ ಉಳೀಬೇಕು. ನೀವ ಹೇಳ್ರಿ ನ್ಯಾಯ.”

ನ್ಯಾಯ ಮುದುಕನ ಕಡೆಗೇ ಇತ್ತು. ಭರತೇಶ ಬೇರೆ ಎರಡು ಕಾಟಾಗಳಿಗೆ ಫೋನ್ ಮಾಡಿದ. ಒಂದು ಕೆಟ್ಟಿತ್ತು, ಇನ್ನೊಂದರಲ್ಲಿ ಅರವತ್ತು ಗಾಡಿ. ಬಿಸಿಲಿನಲ್ಲೇ ನಿಂತ. ಎರಡು ತಾಸಿನಲ್ಲಿ ಸಾಲು ಒಂಬತ್ತು ಟ್ರ್ಯಾಕ್ಟರಿನಷ್ಟು ಸರಿಯಿತು. ಊಟದ ಹೊತ್ತು ಮೀರಿ ರಕ್ತದ ಸಕ್ಕರೆ ಇಳಿಯತೊಡಗಿತು. ಜೇಬಿನಲ್ಲಿದ್ದ ಆರಂಭೋತ್ಸವದ ಪೇಢೆಯನ್ನು ಔಷಧದಂತೆ ನುಂಗಿದ.

ಎರಡೂಮುಕ್ಕಾಲಿಗೆ ಮೊಬೈಲಿನಲ್ಲಿ ಓಟಿಪಿ ಬಂತು. ಹಿಂದೆಯೇ ಕುಣಾಲನ ಫೋನು.

“ಕ್ಯಾಪ್ಟನ್, ನಂಬರ್ ಬಂದೈತೇನ್ರಿ? ಹೇಳ್ರಿ.”

“ತೂಕ ಆಗಿಲ್ಲೋ ಕುಣಾಲ.”

“ಆಗೈತಿ. ಅಲ್ಲಪ್ಪ ಟ್ರೇಲರದಾಗ ಕುಂತು ಫೋನಿನ್ಯಾಗ ತುಂಬ್ಯಾನ.”

“ಅದು ಹ್ವಾದ ವರ್ಷದ ತೂಕ. ಈಗ ಒಳಗ ಇಪ್ಪತ್ತಾರ ಟನ್ ಐತಿ. ಹದಿನೆಂಟಂತ ಹೇಳಿದ್ರ ಅದನ್ನ ಮ್ಯಾಲ ಏರಸ್ತಾರ. ಏಳನೇ ಸ್ಲೈಡ್ ನೀನ ಮಾಡಿದ್ದಲ್ಲ?”

ಆ ಕಡೆ ದನಿ ತಗ್ಗಿತು. ಕುಣಾಲ ಕೆಟ್ಟ ಹುಡುಗನಲ್ಲ.

“ನೋಡ್ರಿ ಕ್ಯಾಪ್ಟನ್. ನಿಮ್ಮ ಬೀಗ ಛಲೋ ಐತಿ, ನನಗೂ ಒಪ್ಪಿಗಿ ಐತಿ. ಆದ್ರ ಆಬಾಸಾಹೇಬ್ರು ಇಲ್ಲಿ ಎದುರಿಗೆ ಕುಂತಾರ. ನಮ್ಮ ಸಾಫ್ಟ್‌ವೇರ್ ಬರಿಯೂ ಮೃಣಾಲಗ ಹೇಳಿದ್ರ ಎರಡ ಮಿನಿಟಿನ್ಯಾಗ ನಿಮ್ಮ ಮೊಬೈಲ್ ನಂಬರ್ ತಗದು ನಂದು ಹಾಕ್ತಾಳ. ಹಾಕಾಕ ಬರ್ತೈತಿ, ನೀವ ಕಲಿಸೀರಿ ಆಕಿಗೆ. ಹಂಗ ಮಾಡಿದ್ರ ನಾಳಿಂದ ನೀವು ಬಂದು ಏನ ಮಾಡ್ತೀರಿ? ನೀವ ಹೇಳಿದ್ರ ನಿಮ್ಮ ಮಾನ ಉಳೀತೈತಿ, ನನ್ನ ಮಾನ ಉಳೀತೈತಿ.”

ಬೆದರಿಕೆಯಲ್ಲಿ ಒಂಚೂರಾದರೂ ಒರಟುತನ ಇದ್ದಿದ್ದರೆ ಭರತೇಶ ಇಲ್ಲವೆನ್ನುತ್ತಿದ್ದನೇನೋ. ಅವನು ಲೆಕ್ಕ ಹಾಕಿದ: ಹೇಳಿದರೂ ಕಂಟೇನರ್ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ. ಒಂದರಲ್ಲಿ ತಾನು ನಾಳೆ ಮಾಳಿಗೆ ಹತ್ತುತ್ತೇನೆ, ಇನ್ನೊಂದರಲ್ಲಿ ರತ್ನಮಾಲಾ ಮತ್ತೆ ಹಿಂದಿನ ಬಾಗಿಲು ತೆಗೆಯುತ್ತಾಳೆ. ಎಷ್ಟು ಸಲ ಲೆಕ್ಕ ಮಾಡಿದರೂ ಉತ್ತರ ಸರಿಯಾಗಿಯೇ ಬರುತ್ತಿತ್ತು. ಅದೇ ಅವನಿಗೆ ಹೇಸಿಗೆಯಾಯಿತು.

ಆರು ಅಂಕಿಗಳನ್ನು ಅವನು ಹಡಗಿನ ರೇಡಿಯೋದಲ್ಲಿ ಹೇಳುವಂತೆ ಒಂದೊಂದಾಗಿ ಬಿಡಿಸಿ ಹೇಳಿದ. ಅಭ್ಯಾಸಬಲದಿಂದ ಎರಡನೆಯ ಸಲವೂ ಹೇಳಿದ.

“ಥ್ಯಾಂಕ್ಸ್ ಕ್ಯಾಪ್ಟನ್. ಲಗೂ ಊಟಾ ಮಾಡ್ರಿ,” ಎಂದ ಕುಣಾಲ.

ಸಾಲಿನ ಬಾಲದಲ್ಲಿ ಟ್ರೇಲರ್ ಹಿಂದೆ ಮುಂದೆ ಆಗಿ, ಅರ್ಧ ರಸ್ತೆ ತಡೆದು, ಕೊನೆಗೂ ಹೊರಳಿತು. ಅಲ್ಲಪ್ಪ ಕಿಟಕಿಯಿಂದ ಕೈ ಬೀಸಿದ. ಆ ಕೈಯಲ್ಲಿ ಗೆಲುವಿರಲಿಲ್ಲ, ಬರೀ ಸಮಾಧಾನ. ಅಂಕಿ ಇನ್ನೊಮ್ಮೆ ಪಾಸಾಗಿತ್ತು. ಹೆದ್ದಾರಿಯ ಕಡೆ ಧೂಳೆದ್ದಿತು. ಈಗಲೂ ಫೋನ್ ಮಾಡಿ ನಿಲ್ಲಿಸಬಹುದಿತ್ತು. ಹಡಗಿನ ಕಂಪನಿಗೆ ಒಂದು ಸಾಲು ಬರೆಯಬಹುದಿತ್ತು: ಆ ತೂಕ ಸುಳ್ಳು. ಆದರೆ ಆ ಸುಳ್ಳಿನ ಕೆಳಗೆ ಈಗ ಅವನದೇ ಹೊರತು ಬೇರೆ ಯಾರದೂ ಹೆಸರಿರಲಿಲ್ಲ. ಭರತೇಶ ಮೊಬೈಲನ್ನು ಜೇಬಿಗೆ ಹಾಕಿದ, ತೆಗೆದ, ಮತ್ತೆ ಹಾಕಿದ.

“ಓ ಸಾಹೇಬ್ರ!”

ಬಾಳಗೊಂಡ ಟ್ರ್ಯಾಕ್ಟರಿನಿಂದ ಇಳಿದು ಕಾಲೆಳೆಯುತ್ತ ಬಂದ.

“ಎರಡೂವರಿ ತಾಸಾತು ನೀವು ಬಿಸಲಾಗ ನಿಂತದ್ದು. ನೋಡಾಕ ಆಗ್ಲಿಲ್ಲ. ಮುಂದಿನ ನಾಲ್ಕ ಗಾಡಿಯವ್ರಿಗೂ ಹೇಳೇನಿ. ಖರೆ ತೂಕದ ಸಂಬಂಧ ಇಷ್ಟ ಒದ್ದಾಡೂ ಮಂದಿ ಈಗ ಎಲ್ಲಿ ಅದಾರ್ರಿ? ಒಂದ ಗಾಡಿ ಹೋದ್ರ ನಮ್ಮ ಕಬ್ಬೇನ ಕಟಗಿ ಆಗೂದಿಲ್ಲ. ತರ್ರಿ, ಹಾಕ್ರಿ ಮುಂದ.”

ಮುಂದಿನ ಟ್ರ್ಯಾಕ್ಟರುಗಳು ಆಗಲೇ ಒಂದೊಂದಾಗಿ ಬದಿಗೆ ಸರಿದು ದಾರಿ ಬಿಡುತ್ತಿದ್ದವು. ಕಾಟಾದ ಕಬ್ಬಿಣದ ಹಾಸು ಬಿಸಿಲಿಗೆ ಖಾಲಿ ಬಿದ್ದಿತ್ತು.

“ಬ್ಯಾಡ್ರಿ ಕಾಕಾ,” ಎಂದ ಭರತೇಶ. “ತೂಕ ಆತ್ರಿ.”

“ಆತು? ಎಲ್ಲಿ?”

“ಬ್ಯಾರೆ ಕಡೆ.”

“ಎಷ್ಟ ಬಂತ್ರಿ?”

ಭರತೇಶ ಪಾಸಾದ ತೂಕವನ್ನೇ ಹೇಳಿದ, ಕಿಲೋ ಸಮೇತ. ಮುದುಕನ ಹುಬ್ಬು ಮೇಲೇರಿತು. ಬದಿಗೆ ಸರಿದವರಲ್ಲಿ ಇಬ್ಬರು ಇಂಜಿನ್ ಬಂದ್ ಮಾಡಿ ಇಳಿದು ಬಂದರು.

“ಇಷ್ಟ ಲಗೂ? ಯಾವ ಕಾಟಾರೀ ಅದು?” ಬಾಳಗೊಂಡ ಅವನ ತೋಳು ಹಿಡಿದು ಕೇಳಿದ. “ಖರೆ ತೂಗ್ತೈತಂದ್ರ ಹೇಳ್ರಿ, ನಾವೂ ಅಲ್ಲೇ ಹೊಳ್ಳಸ್ತೇವಿ.”